ತೆಂಗು, ಸಿಲ್ವರ್, ಬಳಪದ ಕಲ್ಲು: ಅರಸೀಕೆರೆ–ಬೇಲೂರು–ಹಳೇಬೀಡು ಸೀಮೆಯಲ್ಲಿ ಸುಸ್ಥಿರ ವಿನ್ಯಾಸ

ಒಂದು ವಸ್ತುವಿನ ಪೂರ್ತಿ ಆಯುಷ್ಯಕ್ಕೆ ಹೊಣೆ ಹೊರುವ ವಿನ್ಯಾಸವೇ ಸುಸ್ಥಿರ ವಿನ್ಯಾಸ. ಕುರ್ಚಿಯ ಮರ ಎಲ್ಲಿ ಬೆಳೆಯಿತು, ಕಡಿದ ಜಾಗದಲ್ಲಿ ಮತ್ತೇನು ಬೆಳೆಯುತ್ತದೆ, ಮಾಡಿದವನ ಮನೆಗೆ ಎಷ್ಟು ದುಡ್ಡು ಹೋಯಿತು, ಕಾಲು ಮುರಿದರೆ ಊರಿನಲ್ಲೇ ರಿಪೇರಿಯಾಗುತ್ತದೆಯೇ, ಕೊನೆಗೆ ಅದು ಮಣ್ಣು ಸೇರುತ್ತದೆಯೇ ಅಥವಾ ತಿಪ್ಪೆಯಲ್ಲಿ ಹಾಗೇ ಬಿದ್ದಿರುತ್ತದೆಯೇ ಎಂಬ ಪ್ರಶ್ನೆಗಳನ್ನು ಕಾಗದದ ಮೇಲೆ ಮೊದಲ ಗೆರೆ ಎಳೆಯುವ ಮುನ್ನವೇ ಕೇಳಿಕೊಳ್ಳಬೇಕಾಗುತ್ತದೆ. ಇಂದು ಸಣ್ಣ ಪಟ್ಟಣಗಳ ಪೀಠೋಪಕರಣದ ಅಂಗಡಿಗಳಲ್ಲಿ ಸಾಲಾಗಿ ನಿಂತಿರುವ ಎಂಡಿಎಫ್ ಬೀರು, ಮೇಜುಗಳು ಈ ಪ್ರಶ್ನೆಗಳಿಗೆ ಉತ್ತರ ಕೊಡಲಾರವು. ಮರದ ನಾರಿನ ಪುಡಿಯನ್ನು ರಾಳದ ಅಂಟಿನಲ್ಲಿ ಒತ್ತಿ ಮಾಡಿದ ಆ ಹಲಗೆ ನೀರು ತಗುಲಿದರೆ ಊದಿಕೊಳ್ಳುತ್ತದೆ. ಒಮ್ಮೆ ಸಡಿಲವಾದ ಸ್ಕ್ರೂ ಅದರಲ್ಲಿ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ. ಊರಿನ ಬಡಗಿ ಅದನ್ನು ದುರಸ್ತಿ ಮಾಡಲಾರ. ಅವನ ಕೈಯಲ್ಲಿ ಕೌಶಲವಿದೆ. ಆ ವಸ್ತುವನ್ನು ರೂಪಿಸಿದವರು ಅವನ ಕೈಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈ ವಿಚಾರಕ್ಕೆ ನಮ್ಮ ದೇಶದಲ್ಲಿ ಹಳೆಯ ಬೇರುಗಳಿವೆ. ಬಳಸಿದಷ್ಟೂ ಕರಗುವ ಸಂಪತ್ತಿನ ಮೇಲೆ ನಿಂತ ಅರ್ಥವ್ಯವಸ್ಥೆ ಮತ್ತು ವರ್ಷವರ್ಷವೂ ಮರಳಿ ಹುಟ್ಟುವ ಸಂಪತ್ತಿನ ಮೇಲೆ ನಿಂತ ಅರ್ಥವ್ಯವಸ್ಥೆ, ಇವೆರಡರ ಭೇದವನ್ನು ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪನವರು 1940ರ ದಶಕದಲ್ಲೇ ಎತ್ತಿ ತೋರಿಸಿದ್ದರು. 1958ರಲ್ಲಿ ಭಾರತ ಸರ್ಕಾರಕ್ಕೆ ವರದಿ ಬರೆದುಕೊಟ್ಟ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಈ ನೆಲದ ಅತ್ಯುತ್ತಮ ವಿನ್ಯಾಸಕ್ಕೆ ಉದಾಹರಣೆಯಾಗಿ ಆರಿಸಿಕೊಂಡದ್ದು ನೀರು ತರುವ ಚೊಂಬನ್ನು. ಅದರ ಬೆನ್ನಿಗೇ, 1961ರಲ್ಲಿ, ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ವಿಶ್ವಸಂಸ್ಥೆಯ ಬ್ರುಂಟ್‌ಲ್ಯಾಂಡ್ ಆಯೋಗ ಸುಸ್ಥಿರ ಅಭಿವೃದ್ಧಿ ಎಂಬ ಪರಿಕಲ್ಪನೆಯನ್ನು ಜಗತ್ತಿನ ಮುಂದಿಟ್ಟದ್ದು 1987ರಲ್ಲಿ. ತತ್ವ ಹೀಗೆ ಬೆಳೆದುಬಂದಿದೆ. ಆದರೆ ತತ್ವದ ಪರೀಕ್ಷೆ ನಡೆಯುವುದು ಒಂದು ನಿರ್ದಿಷ್ಟ ಸೀಮೆಯ ಮರ, ಕಲ್ಲು, ನಾರುಗಳ ಮೇಲೆ. ಅದಕ್ಕೆ ಹಾಸನ ಜಿಲ್ಲೆಯ ಅರಸೀಕೆರೆ, ಹಳೇಬೀಡು, ಬೇಲೂರುಗಳ ಪಟ್ಟಿ ತಕ್ಕ ನೆಲ.

ಪೂರ್ವಕ್ಕೆ ಅರಸೀಕೆರೆ ಇದೆ: ಬಯಲುಸೀಮೆ, ಕಡಿಮೆ ಮಳೆ, ತೆಂಗಿನ ತೋಟ, ಬದುಗಳ ಮೇಲೆ ಕತ್ತಾಳೆ, ಹಳ್ಳದ ದಂಡೆಯಲ್ಲಿ ಈಚಲು. ಪಶ್ಚಿಮಕ್ಕೆ ಬೇಲೂರು: ಅರೆಮಲೆನಾಡು, ಯಗಚಿಯ ನೀರು, ಕಾಫಿ ತೋಟ, ತೋಟದ ನೆರಳಿಗೆ ಸಿಲ್ವರ್ ಓಕ್, ಹಲಸು, ಮತ್ತಿ, ಹೊನ್ನೆ. ನಡುವೆ ಹಳೇಬೀಡು, ಬೇಲೂರಿನಿಂದ 16 ಕಿಲೋಮೀಟರು. ಇಷ್ಟು ಕಿರಿದಾದ ನೆಲದಲ್ಲಿ ಇಷ್ಟು ಬಗೆಯ ಕಚ್ಚಾವಸ್ತು ಸಿಗುವುದು ಅಪರೂಪ. ಅರಸೀಕೆರೆ ಜಂಕ್ಷನ್ನಿನಿಂದ ರೈಲು ಹುಬ್ಬಳ್ಳಿ, ಬೆಂಗಳೂರು, ಹಾಸನ–ಮೈಸೂರುಗಳ ಕಡೆ ಹೋಗುತ್ತದೆ. ಮಾಡಿದ ಮಾಲನ್ನು ಸಾಗಿಸಲು ದಾರಿಯಿಲ್ಲ ಎನ್ನುವ ಮಾತು ಇಲ್ಲಿ ನಿಲ್ಲದು.

ಈ ಸೀಮೆಯ ಹೆಸರು ಬಂದೊಡನೆ ಹೊಯ್ಸಳರ ದೇವಾಲಯಗಳು ನೆನಪಾಗುವುದು ಸಹಜ. ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ, ಸುಮಾರು 1121ರಲ್ಲಿ ಕೆಲಸ ಆರಂಭವಾದ ಹಳೇಬೀಡಿನ ಹೊಯ್ಸಳೇಶ್ವರ, ಸುಮಾರು 1220ರ ಅರಸೀಕೆರೆಯ ಈಶ್ವರ ದೇವಾಲಯ ಇವೆಲ್ಲ ಸುಮಾರು ಒಂದು ಶತಮಾನದ ಅಂತರದಲ್ಲಿ ಎದ್ದವು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರೂ ಹೋಟೆಲು, ಹೋಂಸ್ಟೇಗಳೂ ಹೆಚ್ಚುವುದು, ಅವುಗಳೊಡನೆ ಪೀಠೋಪಕರಣಗಳಿಗೆ ಬೇಡಿಕೆ ಬರುವುದು ನಿರೀಕ್ಷಿತವೇ. ಇಲ್ಲೊಂದು ಸುಲಭದ ದಾರಿಯಿದೆ: ಕುರ್ಚಿಯ ಬೆನ್ನಿಗೆ ಮದನಿಕೆಯ ಚಿತ್ರ ಕೊರೆದು ಹೊಯ್ಸಳ ಶೈಲಿ ಎಂದು ಮಾರುವುದು. ಅದು ವಿನ್ಯಾಸವಲ್ಲ, ಅಂಟಿಸಿದ ಅಲಂಕಾರ. ಒರಗಿದವರ ಬೆನ್ನಿಗೆ ಉಬ್ಬುಶಿಲ್ಪ ಚುಚ್ಚುತ್ತದೆ. ಕೊರೆತದ ಸಂದಿಯಲ್ಲಿ ದೂಳು ಕೂರುತ್ತದೆ.

ಹೊಯ್ಸಳರಿಂದ ಕಲಿಯಬೇಕಾದದ್ದು ಕೆಲಸದ ಕ್ರಮ. ಅವರು ಆರಿಸಿಕೊಂಡದ್ದು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿ ಬಿಸಿಲಿಗೆ ಗಡುಸಾಗುವ ಬಳಪದ ಕಲ್ಲನ್ನು. ಅವರ ಕೆತ್ತನೆಯ ಸೂಕ್ಷ್ಮತೆ ಆ ಕಲ್ಲಿನ ಗುಣದಿಂದ ಹುಟ್ಟಿತು. ಅದಕ್ಕೆ ಹಿಂದಿನ ಬಾದಾಮಿ ಚಾಲುಕ್ಯರ ಮರಳುಗಲ್ಲಿನಲ್ಲೋ ನಂತರದ ವಿಜಯನಗರದ ಕಣಶಿಲೆಯಲ್ಲೋ ಆ ಕೆಲಸ ಹಾಗೆ ಬರುತ್ತಿರಲಿಲ್ಲ. ನವರಂಗದ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ. ಕಂಬದ ಮೈಮೇಲಿನ ಸಮಾನಾಂತರ ಬಳೆಗಳು ಅದರ ಗುರುತು. ಪೀಠ, ಕಾಂಡ, ಬೋದಿಗೆಗಳನ್ನು ಬೇರೆ ಬೇರೆಯಾಗಿ ಮಾಡಿ, ಗಾರೆಯಿಲ್ಲದೆ, ಕುಳಿಗೆ ನಾಲಿಗೆ ಕೂರಿಸಿ ಜೋಡಿಸಿದ್ದಾರೆ. ಇದು ಬಡಗಿಯ ಜೋಡಣೆ. ಮರದಲ್ಲಿ ಕಲಿತದ್ದನ್ನು ಕಲ್ಲಿಗೆ ತಂದದ್ದು. ತೆರೆದ ಮಂಟಪಗಳ ಅಂಚಿನಲ್ಲಿ ಹೊರಕ್ಕೆ ವಾಲಿದ ಒರಗುಗೋಡೆಯಿರುವ ಕಕ್ಷಾಸನಗಳಿವೆ. ಅಲ್ಲಿ ಬೆನ್ನು ಒರಗಿಸಿ ಕೂತರೆ ಗೋಡೆಯ ವಾಲು ಮೈಗೆ ಹೊಂದುತ್ತದೆ. ಕಲ್ಲಿನಲ್ಲೂ ಆರಾಮದ ಲೆಕ್ಕ ಹಾಕಿದ್ದರೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು ಸಂಗತಿ ಸಭೆ ಗಮನಿಸಬೇಕಾದದ್ದು. ಈ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಬರೆದರು. ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳು ಬೇಲೂರಿನಲ್ಲಿವೆ. ಮಲ್ಲಿತಮ್ಮನ ಹೆಸರು ಅಮೃತಾಪುರದಿಂದ ಸೋಮನಾಥಪುರದವರೆಗೆ ಹಲವು ಕಡೆ ಸಿಗುತ್ತದೆ. ನುಗ್ಗೇಹಳ್ಳಿಯಲ್ಲಿ ಅವನೊಂದು ಕಡೆ, ಬೈಚೋಜ ಇನ್ನೊಂದು ಕಡೆ ಕೆಲಸ ಮಾಡಿದರು. ಆರ್. ನರಸಿಂಹಾಚಾರ್ಯರ ಕಾಲದಿಂದ ಷ. ಶೆಟ್ಟರ್ ಅವರವರೆಗೆ ವಿದ್ವಾಂಸರು ಈ ಲೇಖಗಳನ್ನು ಓದಿ ಒಬ್ಬೊಬ್ಬ ಶಿಲ್ಪಿಯ ಕೈಯನ್ನು ಗುರುತಿಸಲು ಸಾಧ್ಯವಾದದ್ದು ಅದರಿಂದಲೇ. ಕೈಕೆಲಸದವನು ಕೂಲಿಯವನಾಗದೆ ಕರ್ತೃವಾಗಿ ಉಳಿಯುವ ವ್ಯವಸ್ಥೆ ಈ ನೆಲದಲ್ಲಿ 900 ವರ್ಷಗಳ ಹಿಂದೆ ಇತ್ತು. ಇಂದು ಈ ಸೀಮೆಯ ಎಷ್ಟು ಬಡಗಿಗಳ ಹೆಸರು ಅವರು ಮಾಡಿದ ಬಾಗಿಲಿನ ಮೇಲಿದೆ?

ಈಗ ಕಚ್ಚಾವಸ್ತುವಿನ ಮಾತು. ಇವುಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ತೆಂಗಿನ ಮರದ ಬಳಿ. ಏಕೆಂದರೆ ಅದು ಅರಸೀಕೆರೆಯಲ್ಲಿ ಹೇರಳವಾಗಿದೆ, ಮತ್ತು ಅದರ ಕಾಂಡಕ್ಕೆ ಇಂದು ಬೆಲೆಯೇ ಇಲ್ಲ. 2010ರ ದಶಕದ ಬರಗಳಲ್ಲಿ ಅರಸೀಕೆರೆ, ತಿಪಟೂರು ಕಡೆ ತೋಟಕ್ಕೆ ತೋಟವೇ ಒಣಗಿದವು. ಕೊಳವೆಬಾವಿ ಬತ್ತಿತು; ಸೊರಗಿದ ಮರಗಳಿಗೆ ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಹತ್ತಿದವು. ಸುಳಿ ಬಿದ್ದ ಮರಗಳು ಕಂಬಗಳಂತೆ ನಿಂತವು. ಹಾಗೆ ಸತ್ತ ಮರಗಳು ಸೌದೆಯಾಗಿ ಇಟ್ಟಿಗೆ ಗೂಡಿಗೆ ಹೋಗುವುದೇ ರೂಢಿ. ಒಂದು ಸಂಸಾರ ಎರಡು ತಲೆಮಾರು ಸಾಕಿದ ಮರ ಅರ್ಧ ದಿನದಲ್ಲಿ ಬೂದಿಯಾಗುವುದು ನಷ್ಟಗಳಲ್ಲೇ ದೊಡ್ಡದು. ಸಹಿಸಬೇಕಾದ ಅಗತ್ಯವಿಲ್ಲದ ನಷ್ಟ ಅದು.

ತೆಂಗಿನ ಕಾಂಡ ಸಾಮಾನ್ಯ ಮರದಂತಲ್ಲ. ಅದು ಹುಲ್ಲಿನ, ಬಿದಿರಿನ ಕುಲಕ್ಕೆ ಹತ್ತಿರದ್ದು. ವರ್ಷದ ಉಂಗುರವಿಲ್ಲ, ಕೊಂಬೆಯಿಲ್ಲ, ಹಾಗಾಗಿ ಗಂಟೂ ಇಲ್ಲ. ಗಟ್ಟಿ ನಾರುಗಳ ಕಟ್ಟುಗಳು ಹೊರಮೈಯಲ್ಲಿ ಒತ್ತೊತ್ತಾಗಿ, ಒಳಗೆ ಹೋದಂತೆ ವಿರಳವಾಗಿ ಹರಡಿರುತ್ತವೆ. ಬುಡದ ಹೊರಸುತ್ತು ಘನಮೀಟರಿಗೆ 600 ಕಿಲೋಗ್ರಾಂ ಮೀರಿ 900ರವರೆಗೂ ತೂಗುತ್ತದೆ, ಒಳ್ಳೆಯ ತೇಗಕ್ಕಿಂತ ಕಡಿಮೆಯಲ್ಲ. ನಡುಸುತ್ತು 400ರಿಂದ 600. ತುದಿಯ ತಿರುಳು 200ಕ್ಕಿಂತಲೂ ಕೆಳಗಿಳಿಯುತ್ತದೆ; ಬೆರಳಲ್ಲಿ ಒತ್ತಿದರೆ ಗುಳಿ ಬೀಳುವಷ್ಟು ಮೆದು. ಒಂದೇ ಮರದಲ್ಲಿ ಮೂರು ಮರಗಳಿವೆ ಎಂದೇ ವಿನ್ಯಾಸಕ ತಿಳಿಯಬೇಕು. ಮರಕ್ಕೆ ವಯಸ್ಸಾದಷ್ಟೂ ಹೊರಸುತ್ತು ಗಟ್ಟಿಯಾಗುತ್ತದೆ. ಆದ್ದರಿಂದ 60 ವರ್ಷ ದಾಟಿ ಫಸಲು ಕಡಿಮೆಯಾದ ಮರವೇ ಬಡಗಿಗೆ ಉತ್ತಮ. ರೈತನಿಗೆ ಹೊರೆಯಾದದ್ದು ಬಡಗಿಗೆ ಬೇಕಾದದ್ದು. ಈ ಹೊಂದಾಣಿಕೆ ಬೇರೆ ಯಾವ ಮರದಲ್ಲೂ ಇಷ್ಟು ಚೆನ್ನಾಗಿ ಕೂಡಿಬರದು.

ಕಾಂಡದ ಅಡ್ಡಳತೆ ಸುಮಾರು 30 ಸೆಂಟಿಮೀಟರು. ನಾಲ್ಕು ಮಗ್ಗುಲಿನಿಂದಲೂ ಹಲಗೆ ತೆಗೆದು ನಡುವಿನ ಮೆದು ಚೌಕವನ್ನು ಬಿಟ್ಟರೆ ಸಿಗುವ ಗಟ್ಟಿ ಹಲಗೆ ಹತ್ತು–ಹನ್ನೆರಡು ಸೆಂಟಿಮೀಟರಿಗಿಂತ ಅಗಲವಿರುವುದಿಲ್ಲ. ಅಗಲ ಹಲಗೆ ಬೇಡುವ ಬೀರು, ಅಡ್ಡಹಲಗೆಯ ಮಂಚಗಳನ್ನು ಅದರಲ್ಲಿ ಮಾಡಹೊರಟರೆ ಸೋಲು ಖಂಡಿತ. ರೀಪರ್ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿದ ಬೆಂಚು, ಪಟ್ಟಿಯ ಬೆನ್ನಿನ ಕುರ್ಚಿ, ಕಾಲುಮಣೆ, ಪುಸ್ತಕದ ಕಪಾಟು, ಶಾಲೆಯ ಡೆಸ್ಕು ಇವು ತೆಂಗಿಗೆ ಒಗ್ಗುವ ರೂಪಗಳು. ಮೇಜಿನ ಮೇಲ್ಮೈ ಬೇಕಿದ್ದರೆ ಪಟ್ಟಿಗಳನ್ನು ಒತ್ತಾಗಿ ಅಂಟಿಸಬೇಕು. ಆಗ ಕಪ್ಪು ಕಂದು ನಾರಿನ ಚುಕ್ಕೆ, ಗೀರುಗಳು ಸಾಲಾಗಿ ಕಾಣುತ್ತವೆ. ಬೇರೆ ಅಲಂಕಾರ ಬೇಕಿಲ್ಲ. ಅಂಚುಗಳನ್ನು ದುಂಡಾಗಿ ಉಜ್ಜಲೇಬೇಕು, ಇಲ್ಲದಿದ್ದರೆ ನಾರು ಎದ್ದು ಕೈಗೆ ಸಿಬಿರು ಚುಚ್ಚುತ್ತದೆ. ಮೊಳೆಯನ್ನು ನೇರವಾಗಿ ಹೊಡೆದರೆ ಹೊರಸುತ್ತು ಸೀಳುತ್ತದೆ. ಮೊದಲು ತೂತು ಕೊರೆದುಕೊಂಡು ಸ್ಕ್ರೂ ತಿರುಗಿಸಬೇಕು. ಇವೆಲ್ಲ ಒಂದು ವಾರದಲ್ಲಿ ಬಡಗಿ ಕಲಿಯುವ ಮಾತು.

ಗರಗಸದ ಮಾತು ಬೇರೆ. ತೆಂಗಿನ ಕಾಂಡದಲ್ಲಿ ಸಿಲಿಕಾ ಕಣಗಳಿವೆ. ಸಾಮಾನ್ಯ ಉಕ್ಕಿನ ಹಲ್ಲು ಕೆಲವೇ ಕೊಯ್ತಕ್ಕೆ ಮೊಂಡಾಗುತ್ತದೆ. ಸಾಮಿಲ್ಲಿನವರು ತೆಂಗು ಕೊಯ್ಯಲು ಒಪ್ಪದಿರುವುದಕ್ಕೆ ಕಾರಣ ಅದೇ. ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಬ್ಲೇಡು ಹಾಕಿದರೆ ತೊಂದರೆ ಬಗೆಹರಿಯುತ್ತದೆ. ಬಿರುಗಾಳಿಗೆ ಉರುಳಿದ ಮತ್ತು ಮುದಿಯಾದ ಮರಗಳ ರಾಶಿಯನ್ನು ಎದುರಿಸಿದ ಫಿಲಿಪೀನ್ಸ್ ದೇಶ 1970–80ರ ದಶಕಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಈ ಕೊಯ್ತ, ವಿಂಗಡಣೆ, ಒಣಗಿಸುವಿಕೆಯ ವಿಧಾನಗಳನ್ನು ಪಳಗಿಸಿತು. ವಿಧಾನ ಸಿದ್ಧವಾಗಿದೆ; ಅರಸೀಕೆರೆ ಅದನ್ನು ಕಂಡುಹಿಡಿಯಬೇಕಾಗಿಲ್ಲ.

ನಿಜವಾದ ಕೊರತೆ ಇರುವುದು ಒಣಗಿಸುವುದರಲ್ಲಿ. ಈ ಉಪನ್ಯಾಸದ ಮುಖ್ಯ ವಾದವೂ ಇದೇ. ಹಸಿ ತೆಂಗಿನ ಕಾಂಡದ ತಿರುಳಿನಲ್ಲಿ ಅದರ ಒಣ ತೂಕದ ಮೂರು ನಾಲ್ಕು ಪಟ್ಟು ನೀರಿರುತ್ತದೆ. ಕೊಯ್ದ ಹಲಗೆಗೆ ಕೆಲವೇ ದಿನಗಳಲ್ಲಿ ಬೂಷ್ಟು, ಆಮೇಲೆ ಕುಟ್ಟೆ ಹುಳು ಹತ್ತುತ್ತವೆ. ಕೊಯ್ದ ದಿನವೇ ಬೋರಾಕ್ಸ್–ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ, ನಡುವೆ ಪಟ್ಟಿಯಿಟ್ಟು, ನೆರಳಿನಲ್ಲಿ, ಗಾಳಿ ಆಡುವಂತೆ ಒಟ್ಟಿದರೆ ಒಂದಂಗುಲದ ಹಲಗೆ ಬಯಲುಸೀಮೆಯ ಒಣಗಾಳಿಗೆ ಎರಡು ಮೂರು ತಿಂಗಳಲ್ಲಿ ಹದಕ್ಕೆ ಬರುತ್ತದೆ. ಬಡಗಿಯ ಬಳಿ ಅಷ್ಟು ಜಾಗವಿಲ್ಲ, ಅಷ್ಟು ಕಾಲ ದುಡ್ಡು ಕಟ್ಟಿಕೊಂಡು ಕೂರುವ ಶಕ್ತಿಯೂ ಇಲ್ಲ. ಹಾಗಾಗಿ ಅವನು ಹಸಿಮರದಲ್ಲೇ ಕೆಲಸ ಮಾಡುತ್ತಾನೆ. ಬೇಸಿಗೆಯಲ್ಲಿ ಜೋಡಣೆ ಬಿಟ್ಟುಕೊಳ್ಳುತ್ತದೆ, ಹಲಗೆ ಸೊಟ್ಟಗಾಗುತ್ತದೆ, ಗಿರಾಕಿ ಅಂಗಡಿಯ ಎಂಡಿಎಫ್ ಕಡೆ ತಿರುಗುತ್ತಾನೆ. ಊರಿನ ಬಡಗಿ ಕೆಟ್ಟ ಕೆಲಸದವನೆಂಬ ಅಪವಾದ ಹುಟ್ಟಿದ್ದು ಅವನ ಉಳಿಯಿಂದಲ್ಲ, ಒಣಗದ ಮರದಿಂದ.

ವಿಶೇಷವೆಂದರೆ, ನಿಧಾನವಾಗಿ ಒಣಗಿಸುವ ವಿದ್ಯೆ ಈ ಸೀಮೆಯ ಮನೆಮನೆಯಲ್ಲೂ ಇದೆ. ಅರಸೀಕೆರೆ–ತಿಪಟೂರು ಕಡೆಯ ಉಂಡೆ ಕೊಬ್ಬರಿ ಆ ವಿದ್ಯೆಯ ಫಲ. ಬಲಿತ ಕಾಯನ್ನು ಸುಲಿಯದೆ ಸಿಪ್ಪೆಸಮೇತ ಅಟ್ಟಕ್ಕೇರಿಸುತ್ತಾರೆ. ಅಟ್ಟದ ನೆಲ ಸಂದು ಬಿಟ್ಟು ಹೊಂದಿಸಿದ ತೊಲೆ, ಗಳುಗಳದ್ದು. ಕೆಳಗಿನಿಂದ ಗಾಳಿ ಏರುತ್ತದೆ. ಎಂಟು ತಿಂಗಳಿಂದ ವರ್ಷದವರೆಗೆ ಕಾಯಿ ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಿಟುಕು ಒಳಗೆ ಲೊಡಲೊಡ ಆಡುತ್ತದೆ. ಯಾವ ಕಾಯಿ ಯಾವಾಗ ಹದಕ್ಕೆ ಬಂತೆಂದು ಮನೆಯವರು ಕಿವಿಯಲ್ಲೇ ಹೇಳುತ್ತಾರೆ. ನೆರಳು, ಗಾಳಿ, ತಾಳ್ಮೆ, ಹದದ ಅರಿವು: ಮರ ಒಣಗಿಸುವುದಕ್ಕೂ ಬೇಕಾದದ್ದು ಇವೇ ನಾಲ್ಕು. ಹೋಬಳಿಗೊಂದು ಮರದ ಅಟ್ಟ, ಎಂದರೆ ಗರಿ ಅಥವಾ ಹಂಚಿನ ಮಾಡಿನ ಒಂದು ತೆರೆದ ಕೊಟ್ಟಿಗೆ, ಬೋರಾಕ್ಸ್ ತೊಟ್ಟಿ, ತೇವ ಅಳೆಯುವ ಒಂದು ಪುಟ್ಟ ಮೀಟರು ಇದ್ದರೆ ಈ ಸೀಮೆಯ ಪೀಠೋಪಕರಣದ ಗುಣಮಟ್ಟ ಬದಲಾಗುತ್ತದೆ. ಹೊಸ ಶೈಲಿಯ ನಕ್ಷೆಗಳನ್ನು ಹಂಚುವ ಹತ್ತು ಶಿಬಿರಗಳಿಗಿಂತ ಅಂಥ ಒಂದು ಕೊಟ್ಟಿಗೆಯಿಂದ ಹೆಚ್ಚು ಪ್ರಯೋಜನ. ಕೊಬ್ಬರಿ ವ್ಯಾಪಾರಕ್ಕೆ ಹೊಂದಿಕೊಂಡ ಸಹಕಾರ ಸಂಘಗಳು ಇದನ್ನು ನಡೆಸಲಾರವೆನ್ನಲು ಕಾರಣವಿಲ್ಲ.

ಅಟ್ಟದಿಂದಿಳಿದ ಕಾಯಿಯ ಸಿಪ್ಪೆ ಚೆನ್ನಾಗಿ ಒಣಗಿರುತ್ತದೆ. ಕೇರಳದ ಹಿನ್ನೀರಿನಲ್ಲಿ ಹಸಿ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ ತೆಗೆಯುವ ಬಿಳಿ ನಾರಿಗೂ ಇಲ್ಲಿನ ಒಣ ಸಿಪ್ಪೆಯಿಂದ ಯಂತ್ರದಲ್ಲಿ ಬಿಡಿಸುವ ಕಂದು ನಾರಿಗೂ ಗುಣ ಬೇರೆ. ಬಿಳಿ ನಾರು ಹುರಿಗೆ, ನೇಯ್ಗೆಗೆ ಮೃದು. ಕಂದು ನಾರು ಒರಟು, ಆದರೆ ಪುಟಿಯುವ ಗುಣವುಳ್ಳದ್ದು. ಅದನ್ನು ಸುರುಳಿ ಮಾಡಿ ರಬ್ಬರ್ ಹಾಲಿನಲ್ಲಿ ಬಂಧಿಸಿದರೆ ಹಾಸಿಗೆ, ಕುರ್ಚಿಯ ಮೆತ್ತೆ ಆಗುತ್ತವೆ. ಫೋಮಿನ ಜಾಗದಲ್ಲಿ ಅದನ್ನು ಬಳಸುವುದು ಸುಲಭ, ಗಾಳಿಯೂ ಆಡುತ್ತದೆ. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ತೆಂಗಿನ ನಾರಿನ ಹಲಗೆಯನ್ನೂ ಬಿದಿರು ತಟ್ಟಿಯ ಹಲಗೆಯನ್ನೂ ಅಭಿವೃದ್ಧಿಪಡಿಸಿದೆ. ಹಗ್ಗದ ಮಂಚ ಮಾತ್ರ ಎಲ್ಲಕ್ಕಿಂತ ಹಳೆಯ, ಇನ್ನೂ ಹಳತಾಗದ ವಸ್ತು. ಚೌಕಟ್ಟು ತೆಂಗಿನ ಗಟ್ಟಿ ಪಟ್ಟಿಯದ್ದು, ಹೆಣಿಗೆ ನಾರಿನ ಹಗ್ಗದ್ದು. ಹಗ್ಗ ಜೋತುಬಿದ್ದರೆ ಕಾಲದೆಸೆಯ ಹುರಿ ಬಿಗಿದರಾಯಿತು. ಸವೆದರೆ ಹೆಣಿಗೆ ಮಾತ್ರ ಬದಲು. ದುರಸ್ತಿಯ ಏರ್ಪಾಡು ರಚನೆಯ ಒಳಗೇ ಇರುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಬೇಲೂರಿನ ತೋಟಗಳಲ್ಲಿ ಸಿಲ್ವರ್ ಮರ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿದೆ. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ಬೆಳೆಯುತ್ತದೆ. ಹೆಚ್ಚಿನದು ಪ್ಲೈವುಡ್ ಕಾರ್ಖಾನೆಗೂ ಪ್ಯಾಕಿಂಗ್ ಪೆಟ್ಟಿಗೆಗೂ ಹೋಗುತ್ತದೆ. ತಿರುಳಿನಿಂದ ತೊಗಟೆಯತ್ತ ನೇರ ಬರುವಂತೆ ಕೊಯ್ದರೆ ಮಾತ್ರ ಅದರ ಜಾಲರಿಯಂಥ ಹೊಳಪಿನ ಚಿತ್ತಾರ ಕಾಣುತ್ತದೆ. ಅಡ್ಡಾದಿಡ್ಡಿ ಕೊಯ್ದರೆ ಆ ಚೆಲುವು ಮರೆಯಾಗುತ್ತದೆ. ಕೊಯ್ಯುವ ದಿಕ್ಕನ್ನು ಬದಲಿಸುವಷ್ಟರಿಂದಲೇ ಬೆಲೆ ಏರುವ ಮರ ಅದು. ಕಾಂಡಕೊರಕ ಹತ್ತಿ ಕಿತ್ತೆಸೆದ ಅರೇಬಿಕಾ ಗಿಡಗಳ ಬೊಡ್ಡೆ ನಯವಾದ, ಗಟ್ಟಿಯಾದ ಮರ. ಕಡೆದರೆ ಹಿಡಿಕೆ, ಗುಂಡಿ, ಸೌಟು, ಆಟಿಕೆಗಳಿಗೆ ಒಪ್ಪುತ್ತದೆ. ಚನ್ನಪಟ್ಟಣದವರು ಆಲೆ ಮರದಲ್ಲಿ ಅರಗಿನ ಬಣ್ಣ ಹಿಡಿಸಿ ಮಾಡುವ ಕೆಲಸವನ್ನು ಈ ಬೊಡ್ಡೆಯ ಮೇಲೂ ಪ್ರಯೋಗಿಸಿ ನೋಡಬಹುದು. ಹಲಸಿನ ಹಳದಿ ಚೇಗು ಗೆದ್ದಲಿಗೆ ಜಗ್ಗದು. ವೀಣೆಯ ಕೊಡಕ್ಕೂ ಮನೆಯ ಬಾಗಿಲಿಗೂ ಅದೇ.

ಬೀಟೆ, ತೇಗಗಳ ಹಂಬಲವನ್ನು ಈ ಸೀಮೆ ಬಿಡಬೇಕು. ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ನಿಯಂತ್ರಣಕ್ಕೊಳಪಟ್ಟಿದೆ. ಇನ್ನೊಂದೆಡೆ, 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ತೆಂಗು, ಸಿಲ್ವರ್ ಎರಡೂ ಇವೆ. ರೈತ ನೆಟ್ಟು, ರೈತ ಕಡಿದು, ಊರಿನ ಬಡಗಿಗೆ ನೇರವಾಗಿ ಕೊಡಬಹುದಾದ ಮರಗಳವು. 2017ರಲ್ಲಿ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಕೂಡ ಮರದ ವ್ಯಾಖ್ಯೆಯಿಂದ ಹೊರಬಂದಿದೆ.

ಬಿದಿರಿನ ಕಥೆಯಲ್ಲಿ ಅನ್ಯಾಯವೂ ಇದೆ. ಹನ್ನೆರಡನೆಯ ಶತಮಾನದಲ್ಲಿ, ಬೇಲೂರಿನ ಗುಡಿ ಎದ್ದ ಶತಮಾನದಲ್ಲೇ, ಬಿದಿರಿನ ಕಾಯಕದ ಮೇದಾರ ಕೇತಯ್ಯ ಶರಣರ ಸಾಲಿನಲ್ಲಿ ಕೂತಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಅದೇ ಕಾಯಕದವರು ಬಿದಿರಿಗಾಗಿ ಪರದಾಡಿದರು. ಕರ್ನಾಟಕದ ಕಾಡಿನ ಬಿದಿರನ್ನು ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂಥ ನಾಮಮಾತ್ರದ ದರದಲ್ಲಿ ಕೊಡುತ್ತಿದ್ದಾಗ ಬುಟ್ಟಿ ಹೆಣೆಯುವವರು ಅದರ ಎಷ್ಟೋ ಪಟ್ಟು ತೆರಬೇಕಾಗಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಮೊರ, ಮಂಕರಿ, ಕುಕ್ಕೆಗಳ ಜಾಗವನ್ನು ಪ್ಲಾಸ್ಟಿಕ್ ಹಿಡಿದದ್ದಕ್ಕೆ ಜನರ ಅಭಿರುಚಿಯನ್ನಷ್ಟೇ ದೂರುವುದು ತಪ್ಪು. ಕಚ್ಚಾವಸ್ತುವಿನ ನೀತಿಯೇ ಹೆಣೆಯುವವರ ಕೈ ಕಟ್ಟಿತು. ಬಿದಿರಿಲ್ಲದ ಕಡೆ ಲಂಟಾನ ಇದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ಜೊತೆಗೂಡಿ 2004ರಿಂದ ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಕುರ್ಚಿ, ಸೋಫಾ ಮಾಡುತ್ತ ಬಂದಿದ್ದಾರೆ. ಬೇಲೂರಿನ ಗುಡ್ಡಗಳಲ್ಲೂ ಈ ಕಳೆಗೆ ಕೊರತೆಯಿಲ್ಲ.

ಈ ಸೀಮೆಯ ಬದುಕಿಗೆ ಒಪ್ಪುವ ರೂಪಗಳನ್ನು ಹುಡುಕಲು ದೂರ ಹೋಗಬೇಕಿಲ್ಲ, ಅಡುಗೆಮನೆಗೆ ಹೋದರೆ ಸಾಕು. ತುರಿಮಣೆಯನ್ನು ನೋಡಬಹುದು. ಕೂರುವ ಹಲಗೆ ಮತ್ತು ಹಲ್ಲಿನ ಅಲಗು ಒಂದೇ ವಸ್ತುವಿನಲ್ಲಿವೆ. ಕೂತವರ ತೂಕವೇ ಅದನ್ನು ನೆಲಕ್ಕೆ ಬಿಗಿಯುತ್ತದೆ. ಹಾಗಾಗಿ ಕಾಯಿಹೋಳನ್ನು ತಿರುಗಿಸಲು ಎರಡು ಕೈಯೂ ಬಿಡುವಾಗಿರುತ್ತವೆ. ತುರಿ ನೇರ ಕೆಳಗಿನ ತಟ್ಟೆಗೆ ಬೀಳುತ್ತದೆ. ಅಲಗು ಮೊಂಡಾದರೆ ಕಮ್ಮಾರ ಹಲ್ಲು ಕೊಚ್ಚಿಕೊಡುತ್ತಾನೆ, ಹಲಗೆ ಸೀಳಿದರೆ ಬಡಗಿ ಬೇರೆ ಹಾಕುತ್ತಾನೆ. ಒಂದು ಹಾಳಾದರೆ ಇನ್ನೊಂದನ್ನು ಎಸೆಯಬೇಕಿಲ್ಲ. ಊಟಕ್ಕೆ ಕೂರುವ ಮಣೆಯ ಅಡಿಗೆ ನಾರಿಗೆ ಅಡ್ಡಲಾಗಿ ಕೂರಿಸಿದ ಎರಡು ಪಟ್ಟಿಗಳಿರುತ್ತವೆ. ಅವು ಕಾಲುಗಳೂ ಹೌದು, ಹಲಗೆ ಡೊಂಕಾಗದಂತೆ ತಡೆಯುವ ಬಂಧಗಳೂ ಹೌದು. ಆದರೆ ಇವನ್ನೇ ಹಾಗೇ ಉಳಿಸಿಕೊಳ್ಳಬೇಕೆಂದು ಹಟ ಹಿಡಿಯುವಂತಿಲ್ಲ. ನೆಲದಲ್ಲಿ ಕೂರಲಾರದ ಹಿರಿಯರಿದ್ದಾರೆ. ಅಡುಗೆಯ ಕಟ್ಟೆ ಮೇಲೇರಿದೆ. ಅದೇ ತತ್ವವನ್ನು ಕಟ್ಟೆಯ ಅಂಚಿಗೆ ಬಿಗಿಯುವ ತುರಿಯುವ ಸಾಧನಕ್ಕೆ, ಮೊಣಕಾಲು ನೋವಿನವರಿಗೆ ತಕ್ಕ 40–45 ಸೆಂಟಿಮೀಟರು ಎತ್ತರದ ಅಡುಗೆಮನೆಯ ಪೀಠಕ್ಕೆ ತರುವುದೇ ವಿನ್ಯಾಸಕನ ಕೆಲಸ. ಬಳಪದ ಕಲ್ಲಿನ ಕಸುಬಿಗೂ ಈ ಮಾತು ಸಲ್ಲುತ್ತದೆ. ಪ್ರವಾಸಿಗರಿಗಾಗಿ ಒಂದೇ ಅಚ್ಚಿನ ಗಣಪತಿಗಳನ್ನು ಕೆತ್ತುವ ಕೈಗಳು ಕಲ್ಲಿನ ಮರಿಗೆ, ಪಾತ್ರೆಗಳನ್ನೂ ಮಾಡಬಲ್ಲವು. ಎಣ್ಣೆ ಸವರಿ ಗಂಜಿನೀರಿನಲ್ಲಿ ಪಳಗಿಸಿದ ಕಲ್ಲುಪಾತ್ರೆ ಒಲೆಯಿಂದಿಳಿಸಿದ ಮೇಲೂ ಬಹಳ ಹೊತ್ತು ಸಾರನ್ನು ಬಿಸಿಯಾಗಿಡುತ್ತದೆ, ಹುಳಿಗೆ ಕಿಲುಬು ಹಿಡಿಯುವುದಿಲ್ಲ.

ಸ್ಥಳೀಯವಾದದ್ದೆಲ್ಲ ಒಳ್ಳೆಯದೆಂಬ ನಂಬಿಕೆಯೂ ಅಪಾಯಕರ. ಅರಸೀಕೆರೆಯಲ್ಲಿ ಕೊಬ್ಬರಿ ಎಣ್ಣೆ ಹೇರಳ. ಆದರೆ ಅದು ಒಣಗುವ ಎಣ್ಣೆಯಲ್ಲ, ಮರಕ್ಕೆ ಸವರಿದರೆ ಜಿಡ್ಡಾಗಿ ಉಳಿದು ದೂಳು ಹಿಡಿಯುತ್ತದೆ. ಪಾಲಿಶಿಗೆ ಹೊರಗಿನ ಅಗಸೆ ಎಣ್ಣೆ, ಜೇನುಮೇಣಗಳೇ ಬೇಕು. ಬೋರಾಕ್ಸ್ ನೀರಿನಲ್ಲಿ ಕರಗಿಹೋಗುವುದರಿಂದ ಅದರಲ್ಲಿ ಅದ್ದಿದ ತೆಂಗು ಮನೆಯೊಳಗಿಗೆ ಮಾತ್ರ; ಮಳೆಗೆ ನೆನೆಯುವ, ಮಣ್ಣಿಗೆ ತಾಗುವ ಜಾಗಕ್ಕೆ ಕಲ್ಲಿನ ಕಾಲೇ ಸರಿ. ತೆಂಗಿನ ಮತ್ತು ಕಲ್ಲಿನ ದೂಳು ಶ್ವಾಸಕೋಶಕ್ಕೆ ಹಾನಿ. ಮಾಸ್ಕ್, ದೂಳು ಹೀರುವ ಫ್ಯಾನು, ನೀರು ಚಿಮುಕಿಸಿ ಕೊಯ್ಯುವ ಪದ್ಧತಿ ಇಲ್ಲದ ಕಾರ್ಯಾಗಾರದಿಂದ ಬಂದ ವಸ್ತುವನ್ನು ಸುಸ್ಥಿರವೆಂದು ಕರೆಯಲಾಗದು, ಅದರ ಮರ ಎಷ್ಟೇ ಹಸಿರು ಮೂಲದ್ದಾದರೂ.

ಕೊನೆಗೆ ಮಾರುಕಟ್ಟೆ. ಬಡಗಿ, ಶಿಲ್ಪಿ, ಬುಟ್ಟಿ–ಚಾಪೆ–ನಾರಿನ ಕೆಲಸದವರು ಸೇರಿದಂತೆ 18 ಕಸುಬುಗಳಿಗೆ ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆ ತರಬೇತಿಯನ್ನೂ ಉಪಕರಣಕ್ಕೆ 15,000 ರೂಪಾಯಿಯನ್ನೂ ಕೊಡುತ್ತದೆ. ಉಪಕರಣ ಬಂದರೂ ಹದಗೊಂಡ ಮರ ಮತ್ತು ಖಚಿತವಾದ ಗಿರಾಕಿ ಇಲ್ಲದಿದ್ದರೆ ಕೆಲಸ ನಡೆಯದು. ರೆಸಾರ್ಟುಗಳ ಬೇಡಿಕೆ ಋತುಮಾನಕ್ಕೆ ಬಂದುಹೋಗುವಂಥದು. ನೆಚ್ಚಬಹುದಾದ ಗಿರಾಕಿ ಸಾರ್ವಜನಿಕ ಸಂಸ್ಥೆಗಳೇ. ಮೂರು ಊರುಗಳ ಸುತ್ತಲಿನ ಶಾಲೆ, ಅಂಗನವಾಡಿ, ಗ್ರಂಥಾಲಯ, ಪಂಚಾಯಿತಿ ಕಚೇರಿಗಳಿಗೆ ಪ್ರತಿವರ್ಷವೂ ಬೆಂಚು, ಕಪಾಟು ಬೇಕಾಗುತ್ತವೆ. ಟೆಂಡರಿನಲ್ಲಿ ಇಂಥದೇ ಕಂಪನಿಯ ಹಲಗೆ ಎಂದು ಬರೆಯುವ ಬದಲು ವಸ್ತು ಹೊರಬೇಕಾದ ಭಾರ, ಮಕ್ಕಳ ವಯಸ್ಸಿಗೆ ತಕ್ಕ ಎತ್ತರ, ಮರದ ತೇವಾಂಶ ಶೇಕಡ 12 ಮೀರದಿರುವುದು, ಬಿಡಿಭಾಗ ಬದಲಿಸಲು ಬರುವ ಜೋಡಣೆ, ಐದು ವರ್ಷ ಊರಿನಲ್ಲೇ ದುರಸ್ತಿ ಮಾಡಿಕೊಡುವ ಹೊಣೆ ಇವನ್ನು ನಮೂದಿಸಿದರೆ ಊರಿನ ಬಡಗಿಗಳ ಸಂಘವೂ ಪೈಪೋಟಿಗೆ ನಿಲ್ಲಬಹುದು. ಅಳತೆಗಳನ್ನು ಮೂರು ನಾಲ್ಕಕ್ಕೆ ನಿಗದಿಪಡಿಸಿದರೆ ಇದೇ ಸೀಮೆಯ ಜಾವಗಲ್ಲಿನಲ್ಲಿ ಮಾಡಿದ ಬೆಂಚಿನ ಕಾಲು ಬಾಣಾವರದ ಬೆಂಚಿಗೂ ಕೂರುತ್ತದೆ. ಬೆಂಚಿನ ಅಡಿಯಲ್ಲಿ ಮಾಡಿದವರ ಹೆಸರು, ವರ್ಷ, ಮರ ಬಂದ ತೋಟದ ಊರು ಇವಿಷ್ಟನ್ನೂ ಸುಟ್ಟಚ್ಚಿನಲ್ಲಿ ಒತ್ತುವುದನ್ನು ಕರಾರಿನ ಷರತ್ತಾಗಿಯೇ ಬರೆಯಬೇಕು, ಏಕೆಂದರೆ ಐದು ವರ್ಷದ ಹೊಣೆ ಯಾರದೆಂದು ಹೆಡ್‌ಮಾಸ್ತರರಿಗೆ ತಿಳಿಯುವುದು ಅದರಿಂದಲೇ.